ಯುದ್ಧದ ಮಧ್ಯೆ ಹಾಡು, ನಾಟಕ, ಚಂದಾ: ಉಕ್ರೇನ್ ವಿದ್ಯಾರ್ಥಿಗಳ ಬಗ್ಗೆ ಒಂದು ಪ್ರಶ್ನೆ

ಮುಂಗಾರು:
ಉಕ್ರೇನ್‌ನ ಕೆಲವು ವಿದ್ಯಾರ್ಥಿಗಳನ್ನು ಇನ್‌ಸ್ಟಾಗ್ರಾಮ್‌ನಲ್ಲಿ ಫಾಲೋ ಮಾಡುತ್ತೇನೆ. ಇವತ್ತು ಸೈರನ್ ವಿಡಿಯೋ, ನಾಳೆ ನೆಲಮಾಳಿಗೆಯಲ್ಲಿ ಗಿಟಾರ್, ಅದರ ಕೆಳಗೆ ಯುದ್ಧದ ನೆರವಿಗೆ ದುಡ್ಡು ಹಾಕುವ ಲಿಂಕ್. ಊರಿನ ಮೇಲೆ ಡ್ರೋನ್ ಬೀಳುತ್ತಿರುವಾಗ ಹಾಡೋಕೆ ಮನಸ್ಸಾದರೂ ಹೇಗೆ ಬರುತ್ತದೆ? ಇನ್ನೊಂದು, ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿಗಳು ಕೂಡಿಸಿದ ದುಡ್ಡಿನಿಂದ ಏನಾದರೂ ಆಗುತ್ತಾ, ಅಥವಾ ಸುಮ್ನೆ ಮನಸ್ಸಮಾಧಾನಕ್ಕಾ? ಹೀಯಾಳಿಸುತ್ತಿಲ್ಲ, ನಿಜವಾಗಲೂ ಗೊತ್ತಾಗದೆ ಕೇಳುತ್ತಿದ್ದೇನೆ.

ಹಳೇ ಬ್ಯಾಚು:
ನಾನು ಅಲ್ಲಿ ಮೆಡಿಕಲ್ ಓದುತ್ತಿದ್ದೆ, 2022ರಲ್ಲಿ ಆಪರೇಷನ್ ಗಂಗಾದಲ್ಲಿ ವಾಪಸ್ ಬಂದವರಲ್ಲಿ ಒಬ್ಬ. ಅಲ್ಲಿನ ಗೆಳೆಯರ ಜೊತೆ ಈಗಲೂ ಮಾತಿದೆ. ಒಂದು ವಿಷಯ ಹೊರಗಿನವರಿಗೆ ಕಾಣುವುದಿಲ್ಲ: ಬಂಕರ್‌ನಲ್ಲಿ ಎಷ್ಟು ಜನ ಹಿಡಿಯುತ್ತಾರೋ ಅಷ್ಟೇ ಜನರನ್ನು ಕ್ಲಾಸಿಗೆ ಕರೆಯಬಹುದು, ಹಾಗಾಗಿ ಎಷ್ಟೋ ಜನ ಇಡೀ ಸೆಮಿಸ್ಟರ್ ಪರದೆ ನೋಡಿಕೊಂಡೇ ಕಳೆಯುತ್ತಾರೆ, ಖಾರ್ಕಿವ್‌ನಂಥ ಗಡಿ ಹತ್ತಿರದ ಊರಲ್ಲಂತೂ ಕೇಳಲೇಬೇಡಿ. ಅಂಥವರಿಗೆ ಸಹಪಾಠಿಯ ಮುಖ ಎದುರಿಗೆ ಸಿಗುವುದೇ ಇಂಥ ಹಾಡು-ನಾಟಕದ ಕಾರ್ಯಕ್ರಮದಲ್ಲಿ. ಅದೂ ಕರ್ಫ್ಯೂಗೆ ಮುಂಚೆ ಮುಗಿಸಿ ಮನೆ ಸೇರಬೇಕು.

ಟಿಕೆಟ್ ಅಂತ ಇರುವುದಿಲ್ಲ, ಬಾಗಿಲಲ್ಲಿ ಒಂದು ಕ್ಯೂಆರ್ ಕೋಡ್. ಅಲ್ಲಿನ ಮೋನೋಬ್ಯಾಂಕ್ ಅನ್ನೋ ಬ್ಯಾಂಕಿನ ಆ್ಯಪ್‌ನಲ್ಲಿ ಯಾರು ಬೇಕಾದರೂ ಹುಂಡಿಯ ಥರದ್ದೊಂದನ್ನು ತೆರೆಯಬಹುದು, ಎಷ್ಟು ತುಂಬಿತು ಅಂತ ಎಲ್ಲರಿಗೂ ಕಾಣುವ ಹಾಗೆ ಇಡಬಹುದು.

ದುಡ್ಡಿಲ್ಲದವರು ಕೈಕೆಲಸ ಮಾಡುತ್ತಾರೆ. ಸೈನ್ಯಕ್ಕೆ ಮರೆಮಾಚುವ ಬಲೆ ನೇಯುತ್ತಾರೆ. ಕಂದಕದಲ್ಲಿರುವ ಸೈನಿಕರಿಗೆ ಮೋಂಬತ್ತಿ ಮಾಡುತ್ತಾರೆ: ಖಾಲಿ ತಗಡಿನ ಡಬ್ಬಿ, ಅದರ ಎತ್ತರಕ್ಕೆ ಕತ್ತರಿಸಿದ ರಟ್ಟಿನ ಪಟ್ಟಿ, ಅದನ್ನು ಬಿಗಿಯಾಗಿ ಸುರುಳಿ ಸುತ್ತಿ ಒಳಗೆ ತುರುಕಿ, ನಡುವೆ ಬತ್ತಿಗೆ ಒಂದು ತುಂಡು ಮೇಲೆ ಬಿಟ್ಟು, ಕರಗಿಸಿದ ಮೇಣ ಸುರಿಯುವುದು. ಅದರ ಮೇಲೆ ನೀರೂ ಬಿಸಿ ಮಾಡಿಕೊಳ್ಳಬಹುದು.

ಅಡ್ಡಮಾತು:
ಎಲ್ಲ ಸರಿ, ಆದರೆ ಇದರಲ್ಲಿ ಒತ್ತಡವೂ ಇದೆ ಅಲ್ವಾ? ಕ್ಲಾಸಿನ ಗ್ರೂಪಲ್ಲಿ ದಿನಕ್ಕೊಂದು ಲಿಂಕ್ ಬಂದರೆ ಸ್ಟೈಪೆಂಡಿನಲ್ಲಿ ಬದುಕುವ ಹುಡುಗ ಏನು ಮಾಡಬೇಕು? ಅವನ ಅಣ್ಣನೇ ಯುದ್ಧಭೂಮಿಯಲ್ಲಿ ಇರಬಹುದು. ಯಾರು ಕೊಟ್ಟರು, ಯಾರು ಕೊಡಲಿಲ್ಲ ಅಂತ ಲೆಕ್ಕ ಇಟ್ಟ ದಿನ ಅದು ದಾನ ಅಲ್ಲ, ವಸೂಲಿ. ಇನ್ನೂ ಒಂದು: ಆ್ಯಂಬುಲೆನ್ಸಿಗೆ ಕೊಡುವುದು ಬೇರೆ, ಡ್ರೋನಿಗೆ ಕೊಡುವುದು ಬೇರೆ. 2022ರ ಫೆಬ್ರವರಿಯಲ್ಲಿ ಉಕ್ರೇನಿನ 'ಕಮ್ ಬ್ಯಾಕ್ ಅಲೈವ್' ಸಂಸ್ಥೆಯ ಪುಟವನ್ನು ಪೇಟ್ರಿಯಾನ್ ಅನ್ನೋ ಚಂದಾ ಎತ್ತುವ ಜಾಲತಾಣ ಕಿತ್ತುಹಾಕಿದ್ದು ಸೈನ್ಯದ ಸಾಮಾನಿಗೆ ದುಡ್ಡು ಎತ್ತುತ್ತಾರೆ ಅನ್ನೋ ಕಾರಣಕ್ಕೇ.

ಹಳೇ ಬ್ಯಾಚು:
ಒತ್ತಡ ಇರುವುದು ನಿಜ, ಇಲ್ಲ ಅನ್ನಲ್ಲ. ಆದರೆ ಆ ಬೇರೆ-ಬೇರೆ ಅನ್ನೋ ಗೆರೆ ದೂರ ಕೂತ ನಮಗೆ ಸುಲಭ. ತಲೆ ಮೇಲೆ ಹಾರಿ ಬರುವ ಡ್ರೋನನ್ನು ತಡೆಯೋಕೂ ಸಾಮಾನು ಬೇಕು.

ಲೆಕ್ಕಪುಸ್ತಕ:
ಚಿಲ್ಲರೆ ದುಡ್ಡಿನ ಪ್ರಶ್ನೆಗೆ ಉತ್ತರ. 2022ರ ಜೂನ್‌ನಲ್ಲಿ ಪ್ರಿತುಲಾ ಫೌಂಡೇಶನ್ ಅನ್ನೋ ಅಲ್ಲಿನ ದತ್ತಿ ಸಂಸ್ಥೆ ಸೈನ್ಯಕ್ಕೆ ಬೈರಕ್ತಾರ್ ಡ್ರೋನ್ ಕೊಳ್ಳಲು ಜನರ ಹತ್ತಿರ ದುಡ್ಡು ಕೇಳಿತು. ಮೂರೇ ದಿನದಲ್ಲಿ ಸುಮಾರು 60 ಕೋಟಿ ಹ್ರಿವ್ನಿಯಾ (ಉಕ್ರೇನಿನ ನಾಣ್ಯ) ಬಂತು. ತಯಾರಿಸುವ ಟರ್ಕಿಯ ಕಂಪನಿ ದುಡ್ಡು ಬೇಡ ಅಂತ ಮೂರು ಡ್ರೋನ್ ಪುಕ್ಕಟೆ ಕೊಟ್ಟಿತು, ಉಳಿದ ದುಡ್ಡು ಉಪಗ್ರಹ ಚಿತ್ರಗಳಿಗೆ ಹೋಯಿತು. ಅದೇ ವರ್ಷ ಯೂರೋವಿಷನ್ ಹಾಡಿನ ಸ್ಪರ್ಧೆ ಗೆದ್ದ ಉಕ್ರೇನಿನ ತಂಡ ಕಲುಶ್ ಆರ್ಕೆಸ್ಟ್ರಾ ಸೈನ್ಯದ ನೆರವಿಗೆ ತನ್ನ ಟ್ರೋಫಿಯನ್ನೇ 9 ಲಕ್ಷ ಡಾಲರಿಗೆ ಹರಾಜು ಹಾಕಿತು. ಹಾಡಿಗೂ ಹುಂಡಿಗೂ ಅಲ್ಲಿ ನಂಟು ಹೀಗೆ.

ನಿಮಗೆ ಕೊಡುವ ಮನಸ್ಸಿದ್ದರೆ ಕಾಮೆಂಟಿನಲ್ಲಿ ಸಿಕ್ಕ ಲಿಂಕಿಗೆ ಹಾಕಬೇಡಿ, ನಕಲಿ ಹುಂಡಿಗಳು ಬೇಕಾದಷ್ಟಿವೆ. ಈ ಹಿಂದೆ ಎತ್ತಿದ ದುಡ್ಡಿಗೆ ಫೋಟೋ, ರಸೀದಿ ಹಾಕಿದ್ದಾರಾ ನೋಡಿ. ಬಂದೂಕು ಬೇಡ ಅನ್ನಿಸಿದರೆ ಸರ್ಕಾರವೇ ನಡೆಸುವ ಯುನೈಟೆಡ್24ರಲ್ಲಿ ವೈದ್ಯಕೀಯ ನೆರವು, ಮನೆ-ಶಾಲೆ ಮತ್ತೆ ಕಟ್ಟುವುದು ಅಂತ ಬೇರೆ ಬೇರೆ ಆಯ್ಕೆ ಇದೆ.

ಮುಂಗಾರು:
ಥ್ಯಾಂಕ್ಸ್. ಬಂಕರ್‌ನಲ್ಲಿ ಜಾಗ ಇದ್ದಷ್ಟೇ ಕ್ಲಾಸು ಅನ್ನೋದು ನನಗೆ ಹೊಳೆದೇ ಇರಲಿಲ್ಲ. ಲ್ಯಾಬ್ ಪರೀಕ್ಷೆ ಹೇಗೆ ಮಾಡುತ್ತಾರೆ ಹಾಗಾದರೆ?

ಹಳೇ ಬ್ಯಾಚು:
ಸಣ್ಣ ಸಣ್ಣ ಗುಂಪು ಮಾಡಿ. ನಡುವೆ ಸೈರನ್ ಆದರೆ ಎಲ್ಲ ಬಿಟ್ಟು ಕೆಳಗೆ ಇಳಿಯುವುದು, ಆಮೇಲೆ ಬಂದು ಮುಂದುವರಿಸುವುದು.