ಪಂಚಾಯತ್‌ಗೆ ಹಾಕಿದ ಮಾಹಿತಿ ಹಕ್ಕು ಅರ್ಜಿಗೆ ಎರಡು ಸಾಲಿನ ಉತ್ತರ ಬಂದಿದೆ, ಮುಂದೇನು ಮಾಡಲಿ?

ಗುಡ್ಡೆಮನೆ:

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕು. ಪಂಚಾಯತ್ ಹೆಸರು ಬೇಡ. ವಾರ್ಡಿನಲ್ಲಿ ಕಾಲೊನಿಗೆ ಹೋಗುವ ರಸ್ತೆಗೆ ಕಾಂಕ್ರೀಟ್ ಹಾಕಿದ್ದರು. ಒಂದು ಮಳೆಗಾಲಕ್ಕೇ ಅಂಚು ಕುಸಿದು ಜಲ್ಲಿ ಎದ್ದಿದೆ. ಆಟೋದವರು ಕೆಳಗೇ ಇಳಿಸಿ ಹೋಗುತ್ತಾರೆ, ವಯಸ್ಸಾದವರು ರೇಷನ್ ಅಕ್ಕಿ ಹೊತ್ತು ಏರು ಹತ್ತಬೇಕು. ಕನ್ನಡದಲ್ಲೇ ಅರ್ಜಿ ಬರೆದು, 10 ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪ್ ಅಂಟಿಸಿ ಕೊಟ್ಟೆ. ರಸ್ತೆ ಇಷ್ಟು ಬೇಗ ಯಾಕೆ ಹಾಳಾಯಿತು, ಅದಕ್ಕೆ ಯಾರು ಹೊಣೆ, ಎಷ್ಟು ಖರ್ಚಾಯಿತು ಅಂತ ಕೇಳಿದ್ದೆ. ಉತ್ತರ ಮಲಯಾಳದಲ್ಲಿ ಬಂತು. ಮೊದಲ ಎರಡು ಪ್ರಶ್ನೆ ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲವಂತೆ. ಮೂರನೆಯದಕ್ಕೆ ಕಡತ ಈ ವಿಭಾಗದಲ್ಲಿ ಇಲ್ಲವಂತೆ. ಹಣ ಕೊಟ್ಟ ಕಚೇರಿಯಲ್ಲೇ ಖರ್ಚಿನ ಲೆಕ್ಕ ಇಲ್ಲ ಅಂದರೆ ಹೇಗೆ? ಇನ್ನು ಮನೆಯಲ್ಲಿ ಅಪ್ಪನಿಗೆ ಹೆದರಿಕೆ, ದಿನಾ ಮುಖ ನೋಡುವವರ ಜೊತೆ ಯಾಕೆ ಜಗಳ ಅಂತ. ಗೊತ್ತಿರುವವರು ದಾರಿ ಹೇಳಿ.

ಟಪಾಲು ಸೆಕ್ಷನ್:

ನಾನು ಪಂಚಾಯತ್ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಇಂಥ ಉತ್ತರ ಹೇಗೆ ಹುಟ್ಟುತ್ತದೆ ಅಂತ ಹೇಳುತ್ತೇನೆ. ನಿಮ್ಮ ಅರ್ಜಿ ಟಪಾಲಿನಲ್ಲಿ ನಂಬರ್ ಆಗಿ ಮಾಹಿತಿ ಅಧಿಕಾರಿಯ ಮೇಜಿಗೆ ಹೋಗುತ್ತದೆ. ಆದರೆ ರಸ್ತೆಯ ಕಾಗದ ಇರುವುದು ಇಂಜಿನಿಯರಿಂಗ್ ವಿಭಾಗದಲ್ಲಿ. ಅಲ್ಲಿಂದ ತರಿಸಿಕೊಳ್ಳುವುದು ಕಿರಿಕಿರಿ ಅಂತ 'ಇಲ್ಲಿ ಇಲ್ಲ' ಅಂತ ಬರೆದು ಮುಗಿಸುತ್ತಾರೆ. ಇದು ತಪ್ಪು. 2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 5(4) ಪ್ರಕಾರ ಮಾಹಿತಿ ಅಧಿಕಾರಿ ಬೇರೆ ಅಧಿಕಾರಿಯ ನೆರವು ಕೇಳಬಹುದು, 5(5) ಪ್ರಕಾರ ಆ ಅಧಿಕಾರಿ ನೆರವು ಕೊಡಲೇಬೇಕು, ಕೊಡದಿದ್ದರೆ ಹೊಣೆ ಅವರ ಮೇಲೂ ಬರುತ್ತದೆ. ಕಾಗದ ಬೇರೆ ಇಲಾಖೆಯದ್ದೇ ಆಗಿದ್ದರೆ 6(3) ಪ್ರಕಾರ 5 ದಿನದೊಳಗೆ ಅರ್ಜಿಯನ್ನು ಅಲ್ಲಿಗೆ ಕಳಿಸಿ ನಿಮಗೆ ತಿಳಿಸಬೇಕು. ಎರಡೂ ಮಾಡದೆ ನಿಮ್ಮನ್ನು ಬರಿಗೈಯಲ್ಲಿ ಕಳಿಸುವ ಹಾಗಿಲ್ಲ.

'ಯಾಕೆ', 'ಯಾರು ಹೊಣೆ' ಅಂತ ಕೇಳಿದ್ದಕ್ಕೆ ಬಂದ ಉತ್ತರ ಮಾತ್ರ ಕಾನೂನಿನ ಪ್ರಕಾರ ನಿಲ್ಲುತ್ತದೆ. ಕಚೇರಿಯಲ್ಲಿ ದಾಖಲೆಯಾಗಿ ಇರುವುದನ್ನು ಕೊಟ್ಟರೆ ಸಾಕು, ಹೊಸದಾಗಿ ಕಾರಣ ಹುಡುಕಿ ಬರೆಯಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಹಾಗಾಗಿ ಪ್ರಶ್ನೆ ಬಿಡಿ, ಕಾಗದ ಕೇಳಿ. ಎಸ್ಟಿಮೇಟ್, ತಾಂತ್ರಿಕ ಅನುಮತಿ, ಗುತ್ತಿಗೆದಾರರ ಜೊತೆಗಿನ ಕರಾರು, ಎಂ ಬುಕ್ ಅಂದರೆ ಅಳತೆ ಪುಸ್ತಕದ ಪುಟಗಳು, ಬಿಲ್ಲು, ಹಣ ಪಾವತಿಯ ವೋಚರ್. ಎಂ ಬುಕ್ಕಿನಲ್ಲಿ ಉದ್ದ, ಅಗಲ, ದಪ್ಪ ಎಲ್ಲ ಇರುತ್ತದೆ. ಎಸ್ಟಿಮೇಟಿನ ದಪ್ಪ, ಎಂ ಬುಕ್ಕಿನ ದಪ್ಪ, ರಸ್ತೆ ಒಡೆದಲ್ಲಿ ನಿಮ್ಮ ಕಣ್ಣಿಗೆ ಕಾಣುವ ದಪ್ಪ, ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕರಾರಿನಲ್ಲಿ ಗುತ್ತಿಗೆದಾರರು ಎಷ್ಟು ಕಾಲ ರಿಪೇರಿ ಮಾಡಿಕೊಡಬೇಕು ಅಂತ ಇದೆಯಾ, ಅದನ್ನೂ ನೋಡಿ. ಆ ಅವಧಿ ಇನ್ನೂ ಮುಗಿಯದಿದ್ದರೆ ರಿಪೇರಿ ಮಾಡಿಸಿ ಅಂತ ಪಂಚಾಯತನ್ನು ಕೇಳಲು ಅದೇ ಆಧಾರ.

ಇನ್ನೊಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. ಕಾಗದ ಮಾತ್ರ ಅಲ್ಲ, ಕಾಮಗಾರಿಯನ್ನೇ ಪರಿಶೀಲಿಸುವ, ಅದಕ್ಕೆ ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ 2(ಜೆ)ಯಲ್ಲಿ ಇದೆ.

ಗಡಿನಾಡಿನವಳು:

ಭಾಷೆಯ ಬಗ್ಗೆ ಹೇಳುತ್ತೇನೆ. ಅರ್ಜಿ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಇರಬಹುದು ಅಂತ 6(1) ಹೇಳುತ್ತದೆ. ನಮ್ಮದು ಭಾಷಾ ಅಲ್ಪಸಂಖ್ಯಾತ ಪ್ರದೇಶ, ಕನ್ನಡದಲ್ಲಿ ಬರೆಯುವುದನ್ನು ನಾವು ಬಿಡಬಾರದು, ಬಿಟ್ಟರೆ ಕಚೇರಿಯಲ್ಲಿ ಕನ್ನಡ ಓದುವವರೇ ಬೇಡ ಅಂತಾಗುತ್ತದೆ. ಆದರೆ ರಸ್ತೆಯ ಜಗಳ ಭಾಷೆಯ ಜಗಳವಾಗಿ ತಿಂಗಳುಗಟ್ಟಲೆ ಎಳೆಯುವುದೂ ಬೇಡ ಅಲ್ವಾ? ಮೇಲೆ ಕನ್ನಡ, ಕೆಳಗೆ ಅದನ್ನೇ ಇಂಗ್ಲಿಷಿನಲ್ಲಿ ಬರೆಯಿರಿ. ಉತ್ತರದ ಪತ್ರ ಕನ್ನಡದಲ್ಲಿ ಬೇಕು ಅಂತ ಒಂದು ಸಾಲು ಸೇರಿಸಿ. ದಾಖಲೆಗಳು ಮಲಯಾಳದಲ್ಲಿದ್ದರೆ ಹಾಗೇ ಬರುತ್ತವೆ, ಅನುವಾದ ಮಾಡಿ ಕೊಡಬೇಕು ಅಂತ ಕಾಯ್ದೆಯಲ್ಲಿ ಇಲ್ಲ. ಕನ್ನಡ ಪತ್ರಕ್ಕೆ ಕನ್ನಡದಲ್ಲಿ ಉತ್ತರ ಕೊಡದ ದೂರನ್ನು ಬೇರೆಯೇ ಬರೆದು ಜಿಲ್ಲಾಧಿಕಾರಿಗೆ ಕೊಡಿ.

ಅಪ್ಪನ ಹೆದರಿಕೆ ಸುಮ್ನೆ ಅಲ್ಲ. ನಮ್ಮ ಕಡೆ ಮನೆ ನಂಬರಿಗೂ ನೀರಿನ ಕನೆಕ್ಷನ್ನಿಗೂ ಅದೇ ಕಚೇರಿಗೆ ಹೋಗಬೇಕು. ಅದಕ್ಕೇ ಒಬ್ಬರೇ ಹಾಕಬೇಡಿ. ಈ ಹಕ್ಕು ದೇಶದ ಎಲ್ಲ ಪ್ರಜೆಗಳದ್ದು, ಅದೇ ವಾರ್ಡಿನವರೇ ಆಗಬೇಕೆಂದಿಲ್ಲ. ಒಂದು ಮನೆಯವರು ಎಸ್ಟಿಮೇಟ್ ಕೇಳಲಿ, ಇನ್ನೊಬ್ಬರು ಎಂ ಬುಕ್ ಕೇಳಲಿ, ಕುಂಬಳೆಯಲ್ಲಿರುವ ನೆಂಟರು ಬಿಲ್ಲು ಕೇಳಲಿ. ಯಾಕೆ ಬೇಕು ಅಂತ ಯಾರೂ ಕೇಳುವ ಹಾಗಿಲ್ಲ, 6(2) ನೋಡಿ.

ವಿಟ್ಲದಿಂದ:

ನಮ್ಮ ಕಡೆ ಅರ್ಜಿ ಒಂದೇ ವಿಷಯಕ್ಕೆ ಇರಬೇಕು, 150 ಪದ ದಾಟಬಾರದು. ನೀವು ಅಷ್ಟರೊಳಗೆ ಬರೆದಿದ್ದೀರಾ?

ಟಪಾಲು ಸೆಕ್ಷನ್:

ಅದು ಕರ್ನಾಟಕದ ನಿಯಮ ಅಣ್ಣ, ಕೇರಳದ ಕಚೇರಿಗೆ ಅನ್ವಯಿಸುವುದಿಲ್ಲ. ಆದರೂ ಚಿಕ್ಕದಾಗಿ ಬರೆಯುವುದು ಒಳ್ಳೆಯದೇ.

ಗುಡ್ಡೆಮನೆ:

ತುಂಬ ಉಪಕಾರ ಆಯಿತು. ಎರಡು ಮನೆಯವರು ಜೊತೆ ಬರಲು ಒಪ್ಪಿದ್ದಾರೆ. ಈಗ ಮೇಲ್ಮನವಿ ಹಾಕಬೇಕಾ, ಹೊಸ ಅರ್ಜಿ ಹಾಕಬೇಕಾ?

ಟಪಾಲು ಸೆಕ್ಷನ್:

ಎರಡೂ ಒಟ್ಟಿಗೆ ಮಾಡಿ, ಅಡ್ಡಿ ಇಲ್ಲ. ಖರ್ಚಿನ ಲೆಕ್ಕ ಕೊಡದ್ದಕ್ಕೆ ಮೇಲ್ಮನವಿ, ಉತ್ತರ ಕೈಗೆ ಬಂದ 30 ದಿನದೊಳಗೆ. ಯಾರಿಗೆ ಹಾಕಬೇಕು ಅನ್ನುವುದು ಆ ಉತ್ತರದಲ್ಲೇ ಇರಬೇಕು, ಇಲ್ಲದಿದ್ದರೆ ಅದನ್ನೂ ಮೇಲ್ಮನವಿಯಲ್ಲಿ ಬರೆಯಿರಿ. ಮೇಲ್ಮನವಿ ಕೇಳುವ ಅಧಿಕಾರಿ 30 ದಿನದಲ್ಲಿ, ತಡವಾದರೆ ಕಾರಣ ಬರೆದು 45 ದಿನದೊಳಗೆ ತೀರ್ಮಾನ ಕೊಡಬೇಕು. ಅಲ್ಲೂ ಆಗದಿದ್ದರೆ 90 ದಿನದೊಳಗೆ ತಿರುವನಂತಪುರದ ರಾಜ್ಯ ಮಾಹಿತಿ ಆಯೋಗಕ್ಕೆ ಹೋಗಬಹುದು. ಮಾಹಿತಿ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕುವ ಅಧಿಕಾರ ಇರುವುದು ಆಯೋಗಕ್ಕೆ ಮಾತ್ರ. ಕಾಗದಗಳಿಗೆ ಹೊಸ ಅರ್ಜಿ ಹಾಕಿ. ಅದಕ್ಕೆ 30 ದಿನ ದಾಟಿದ ಮೇಲೆ ಉತ್ತರ ಬಂದರೆ ಪುಟದ ದುಡ್ಡು ಕೇಳುವ ಹಾಗಿಲ್ಲ, 7(6)ರಂತೆ ಬಿಟ್ಟಿಯಾಗಿ ಕೊಡಬೇಕು. ಕೈಯಲ್ಲಿ ಕೊಡುವುದಾದರೆ ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡಿ.