ಸಿಗ್ನಲ್‌ನಲ್ಲಿ ನಿಂತರೆ ಟೆಂಪರೇಚರ್ ಏರುತ್ತದೆ, ಓಡಿದರೆ ಇಳಿಯುತ್ತದೆ – ಸೆಕೆಂಡ್ ಹ್ಯಾಂಡ್ ಸಣ್ಣ ಕಾರು, ಸಹಾಯ ಬೇಕು

ನೆಲಮಂಗಲ_ಸವಾರ

ಎಲ್ಲರಿಗೂ ನಮಸ್ಕಾರ. ಈಚೆಗೆ 2011ರ ಪೆಟ್ರೋಲ್ ಹ್ಯಾಚ್‌ಬ್ಯಾಕ್ ತಗೊಂಡೆ. 1100 ಸಿಸಿ, ನಾಲ್ಕು ಸಿಲಿಂಡರ್. ನಾನು ಮೂರನೇ ಓನರ್. ತುಮಕೂರು ರಸ್ತೆಯಲ್ಲಿ ಓಡುವಾಗ ಮುಳ್ಳು ಅರ್ಧದಲ್ಲೇ ಇರುತ್ತದೆ. ಗೊರಗುಂಟೆಪಾಳ್ಯದಲ್ಲಿ ಎಸಿ ಹಾಕಿಕೊಂಡು ಟ್ರಾಫಿಕ್‌ನಲ್ಲಿ ನಿಂತರೆ ಕೆಂಪು ಗೆರೆಯ ಹತ್ತಿರ ಹೋಗುತ್ತದೆ, ಎಸಿ ಗಾಳಿಯೂ ಬಿಸಿಯಾಗುತ್ತದೆ. ಗಾಡಿ ಹೊರಟರೆ ತಾನಾಗಿ ಇಳಿಯುತ್ತದೆ. ಗ್ಯಾರೇಜಿನವರು ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಅಡಿ ಇರುವ ಸೀಲು) ಹೋಗಿದೆ, ಹೆಡ್ ಬಿಚ್ಚಬೇಕು ಅಂತಿದ್ದಾರೆ. ಅಪ್ಪ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ತಗೊಂಡ ಗಾಡಿ ಇದು. ರಿಪೇರಿ ಮಾಡಿಸಲಾ, ಮಾರಿಬಿಡಲಾ?

ಹಳೇಗಾಡಿ_ಪ್ರೇಮಿ

ಈಗಲೇ ಹೆಡ್ ಬಿಚ್ಚಿಸಬೇಡಿ ಸಾರ್. ನೀವು ಬರೆದಿರುವುದರಲ್ಲೇ ಅರ್ಧ ಉತ್ತರ ಇದೆ. ಓಡುವಾಗ ಎದುರುಗಾಳಿ ರೇಡಿಯೇಟರನ್ನು ತಣ್ಣಗಿಡುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದು. ನಿಂತಾಗ ಮಾತ್ರ ಬಿಸಿಯಾಗುತ್ತದೆ, ಜೊತೆಗೆ ಎಸಿಯೂ ಸೋಲುತ್ತದೆ ಅಂದರೆ ಮೊದಲ ಅನುಮಾನ ಫ್ಯಾನಿನ ಮೇಲೆ. ಎಸಿಯ ಬಿಸಿ ಹೊರಹಾಕುವ ಕಂಡೆನ್ಸರ್ ಇರುವುದೂ ರೇಡಿಯೇಟರ್ ಮುಂದೆಯೇ ಅಲ್ವಾ? ಎರಡಕ್ಕೂ ಗಾಳಿ ಬೇಕು.

ಬಾನೆಟ್ ತೆಗೆದು, ಎಂಜಿನ್ ಚಾಲೂ ಮಾಡಿ, ಎಸಿ ಹಾಕಿ. ಕಂಪ್ರೆಸರ್ ಹಿಡಿದ ಕೂಡಲೇ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ (ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್) ನೋಡಿಸಿ. ಎರಡೂ ಸರಿ ಇದ್ದರೆ ಎಲೆಕ್ಟ್ರಿಷಿಯನ್ ಹತ್ತಿರ ಮೋಟರಿಗೆ ಬ್ಯಾಟರಿಯಿಂದ ನೇರ ಕರೆಂಟ್ ಕೊಡಿಸಿ. ಆಗ ಜೋರಾಗಿ ತಿರುಗಿದರೆ ತೊಂದರೆ ವೈರಿಂಗ್ ಕಡೆ ಅಥವಾ ಸೆನ್ಸರ್ ಕಡೆ ಇದೆ. ತಿರುಗದಿದ್ದರೆ ಅಥವಾ ನಿಧಾನಕ್ಕೆ ತಿರುಗಿದರೆ ಮೋಟರೇ ಹೋಗಿದೆ. ಕೈ, ದುಪಟ್ಟಾ, ಶಾಲು ಹತ್ತಿರ ತರಬೇಡಿ. ಆ ಫ್ಯಾನ್ ಯಾವಾಗ ಬೇಕಾದರೂ ಶುರುವಾಗಬಹುದು.

ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಸಾಮಾನ್ಯವಾಗಿ ಬೇರೆ ಗುರುತು ಕಾಣುತ್ತವೆ. ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಬರುತ್ತದೆ. ಆಯಿಲ್ ಮುಚ್ಚಳದ ಅಡಿ ಹಾಲು ಹಾಕಿದ ಚಹಾದಂಥ ಬಣ್ಣ ಇರುತ್ತದೆ. ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಎಲ್ಲೂ ಸೋರದೆ ಕಡಿಮೆಯಾಗುತ್ತದೆ. ಬೆಳಗ್ಗೆ ತಣ್ಣಗಿರುವಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿದರೆ ರೇಡಿಯೇಟರಿನಲ್ಲಿ ಗುಳ್ಳೆ ಬರುತ್ತಲೇ ಇರುತ್ತವೆ. ಇವು ಯಾವುವೂ ಇಲ್ಲದಿದ್ದರೆ, ಹೆಡ್ ಬಿಚ್ಚಬೇಕು ಅನ್ನುವವರನ್ನು ಕಾರಣ ಕೇಳಿ.

ಕೋಲಾರ_ಚಾಲಕ

ಮೇಲಿನವರು ಹೇಳಿದ್ದು ಸರಿ. ಇನ್ನೊಂದು ನೋಡಿ ಅಣ್ಣ, ಒಳಗೆ ಯಾವ ನೀರಿದೆ?

ನಮ್ಮ ಕಡೆ ಇದು ದೊಡ್ಡ ವಿಷಯ. ಬೋರ್‌ವೆಲ್ ನೀರು ಗಡಸು. ಎಂಜಿನ್ ಬಿಸಿಗೆ ಅದರ ಸುಣ್ಣ ರೇಡಿಯೇಟರಿನ ಸಣ್ಣ ಕೊಳವೆಗಳ ಒಳಗೆ ಕಟ್ಟಿಕೊಳ್ಳುತ್ತದೆ. ಜೊತೆಗೆ ತುಕ್ಕು. ಒಬ್ಬ ಓನರ್ ನಲ್ಲಿಯ ನೀರು ಹಾಕಿದ್ದರೂ ಮುಂದಿನ ಓನರ್ ಅನುಭವಿಸಬೇಕು. ನೀರು ಕೆಂಪಗಿದ್ದರೆ ಪೂರ್ತಿ ಫ್ಲಶ್ ಮಾಡಿಸಿ, ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ಅರ್ಧರ್ಧ ಹಾಕಿಸಿ. ರೆಡಿ ಮಿಕ್ಸ್ ಆದರೆ ಹಾಗೇ ಹಾಕಬಹುದು.

ರೇಡಿಯೇಟರ್ ಕ್ಯಾಪನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಅದು ಸುಮ್ನೆ ಮುಚ್ಚಳ ಅಲ್ಲ, ಒಳಗಿನ ಒತ್ತಡ ಹಿಡಿದಿಡುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಒತ್ತಡ ಇದ್ದರೆ 115 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ರಬ್ಬರ್ ಗಟ್ಟಿಯಾಗಿ ಒಡೆದಿದ್ದರೆ ಹೊಸ ಕ್ಯಾಪ್ ಹಾಕಿ. ಬಿಸಿ ಇರುವಾಗ ಮಾತ್ರ ಅದನ್ನು ಮುಟ್ಟಬೇಡಿ, ಮುಖಕ್ಕೆ ಚಿಮ್ಮುತ್ತದೆ.

ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದ ವಾಲ್ವ್) ತೆಗೆದುಹಾಕಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಅದಿಲ್ಲದೆ ಎಂಜಿನ್ ಬೇಗ ಬಿಸಿಗೆ ಬರುವುದಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಕೆಟ್ಟಿದ್ದರೆ ಹೊಸದು ಹಾಕಿಸಿ.

ನೆಲಮಂಗಲ_ಸವಾರ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಫ್ಯೂಸ್, ರಿಲೇ ಸರಿ ಇದ್ದವು. ನೇರ ಕರೆಂಟ್ ಕೊಟ್ಟರೂ ಫ್ಯಾನ್ ಅಲುಗಲಿಲ್ಲ. ಕಡ್ಡಿಯಿಂದ ತಳ್ಳಿದ ಮೇಲೆ ನಿಧಾನಕ್ಕೆ ತಿರುಗಿತು. ಮೋಟರಿನ ಕಾರ್ಬನ್ ಬ್ರಶ್ ಸವೆದುಹೋಗಿದೆ ಅಂದರು. ಹೊಸ ಮೋಟರ್ ಹಾಕಿಸಿದೆ. ಒಳಗಿನ ನೀರು ಇಟ್ಟಿಗೆ ಬಣ್ಣ ಇತ್ತು, ಫ್ಲಶ್ ಮಾಡಿಸಿ ಕ್ಯಾಪೂ ಬದಲಿಸಿದೆ. ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಧೂಳು, ಹುಲ್ಲು ಕೂತಿತ್ತು, ಅದನ್ನೂ ತೊಳೆದರು. ಈಗ ಎಸಿ ಹಾಕಿ ನಿಂತರೂ ಮುಳ್ಳು ಅರ್ಧ ದಾಟುತ್ತಿಲ್ಲ. ಬಿಳಿ ಹೊಗೆ, ಗುಳ್ಳೆ ಏನೂ ಇಲ್ಲ. ಇನ್ನು ಈ ಗಾಡಿಯನ್ನು ನಂಬಬಹುದಾ?

ಹಳೇಗಾಡಿ_ಪ್ರೇಮಿ

ತುಂಬಾ ಖುಷಿಯಾಯಿತು ಸಾರ್. ಮಾರುವ ಮಾತು ಬಿಡಿ. ಆದರೆ ಕೆಲವು ವಾರ ಬೆಳಗ್ಗೆ ಕೂಲೆಂಟ್ ಮಟ್ಟ ನೋಡುತ್ತಿರಿ. ಹಿಂದೆ ಪದೇಪದೇ ಬಿಸಿಯಾಗಿದ್ದರೆ ರಬ್ಬರ್ ಹೋಸುಗಳು ಗಟ್ಟಿಯಾಗಿರುತ್ತವೆ. ಬಿರುಕು ಕಂಡರೆ ಬದಲಿಸಿ.

ಅಪ್ಪ ಅಮ್ಮ ಕೂರುವ ಗಾಡಿ ಅಂದಿರಿ, ಅದಕ್ಕೇ ಇದನ್ನು ಒತ್ತಿ ಹೇಳುತ್ತೇನೆ. ನಿಮ್ಮ ಎಂಜಿನ್ ಟೈಮಿಂಗ್ ಬೆಲ್ಟಿನದೋ ಚೈನಿನದೋ ಮೊದಲು ತಿಳಿದುಕೊಳ್ಳಿ. ಎಂಜಿನ್ನಿನ ವಾಲ್ವುಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವುದು ಇದೇ. ಸಣ್ಣ ಕಾರುಗಳಲ್ಲಿ ಎರಡೂ ಇವೆ. ಸ್ಯಾಂಟ್ರೋ ಕ್ಸಿಂಗ್‌ನ 1086 ಸಿಸಿ, ಆಲ್ಟೋ 800ರ 796 ಸಿಸಿ ಎಂಜಿನ್‌ಗಳು ಬೆಲ್ಟಿನವು. ಆಲ್ಟೋ ಕೆ10ರ 998 ಸಿಸಿ ಚೈನಿನದು. ಬೆಲ್ಟ್ ಹೇಳದೆ ಕೇಳದೆ ತುಂಡಾಗುತ್ತದೆ. ಗಾಡಿ ನಡುರಸ್ತೆಯಲ್ಲಿ ನಿಲ್ಲುತ್ತದೆ, ಎಷ್ಟೋ ಎಂಜಿನ್‌ಗಳಲ್ಲಿ ವಾಲ್ವೂ ಬಾಗುತ್ತದೆ. ಆಗ ನಿಜವಾಗಿಯೂ ಹೆಡ್ ಬಿಚ್ಚಬೇಕಾಗುತ್ತದೆ.

ಬೆಲ್ಟಿನದಾದರೆ ಹಿಂದಿನ ಓನರಿಗೆ ಫೋನ್ ಮಾಡಿ ಬದಲಿಸಿದ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಬೆಲ್ಟ್ ಬದಲಿಸಿಲ್ಲ ಅಂತಲೇ ತಿಳಿದು ಈ ತಿಂಗಳೇ ಹಾಕಿಸಿಬಿಡಿ. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಬೇರಿಂಗನ್ನೂ ಜೊತೆಗೇ ಬದಲಿಸಲು ಹೇಳಿ.