ಚಳಿಗಾಲದ ರಜೆ: ಒಂದೇ ಊರಲ್ಲಿ ತಂಗಿ, ಸುತ್ತಲಿನ ನಗರಗಳಿಗೆ ದಿನಕ್ಕೊಂದು ಡ್ರೈವ್. ಪ್ಲಾನ್ ಸರಿ ಇದೆಯಾ?

ದಾರಿಬುತ್ತಿ:
ಡಿಸೆಂಬರ್ ಕೊನೇ ವಾರ, ಹಿಮ ಬೀಳೋ ಸೀಮೆ. ಇಬ್ಬರು ದೊಡ್ಡವರು, ನಾಲ್ಕು ವರ್ಷದ ಮಗು, ಬಾಡಿಗೆ ಕಾರು. ಒಂದೇ ಊರಲ್ಲಿ ಆರು ರಾತ್ರಿ ರೂಮು ಹಿಡಿದು, ಅಲ್ಲಿಂದ 90, 140, 190 ಕಿ.ಮೀ. ದೂರದ ಮೂರು ನಗರಗಳಿಗೆ ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬರೋ ಯೋಚನೆ. 190 ಕಿ.ಮೀ.ನ ದಾರೀಲಿ ಒಂದು ಘಾಟಿ ಇದೆ, ಮ್ಯಾಪ್ ಎರಡೂಕಾಲು ಗಂಟೆ ತೋರಿಸ್ತಿದೆ. ಯಾವ ದಿನ ಯಾವ ನಗರ ಅಂತ ಈಗಲೇ ಗಟ್ಟಿ ಮಾಡಿ ಟಿಕೆಟ್ ತೆಗೆದುಬಿಡಲಾ? ಕಾರು ತಗೊಳ್ಳುವಾಗ ಏನೇನು ನೋಡಬೇಕು?

ಹಗಲುಗಾವಲು:
ನಗರ ಗಟ್ಟಿ ಮಾಡಿ, ದಿನ ಗಟ್ಟಿ ಮಾಡಬೇಡಿ. ಟಿಕೆಟ್ ತೆಗೆಯಲೇಬೇಕಿದ್ದರೆ ದುಡ್ಡು ವಾಪಸ್ ಬರೋಂಥದ್ದೇ ತೆಗೀರಿ. ಹಿಂದಿನ ರಾತ್ರಿ ಹವಾಮಾನ ನೋಡಿ ಮಾರನೇ ದಿನದ ನಗರ ಆರಿಸಿ. ಮೊದಲು ಸಿಗೋ ತಿಳಿಯಾದ ದಿನ ಘಾಟಿ ದಾರಿಗೆ. ಅದನ್ನ ಕೊನೇ ದಿನಕ್ಕೆ ಉಳಿಸಿಕೊಂಡರೆ, ಹಿಮ ಸುರೀತಿದ್ದರೂ "ಇವತ್ತು ಬಿಟ್ಟರೆ ಇಲ್ಲ" ಅಂತ ಹೊರಟುಬಿಡ್ತೀರಿ. ಆರು ರಾತ್ರಿ ಅಂದ್ರೆ ನಡುವೆ ಐದು ಪೂರ್ತಿ ದಿನ. ಮೂರು ದಿನ ಓಡಾಟ, ಎರಡು ಖಾಲಿ. ಆ ಖಾಲಿ ದಿನಕ್ಕೆ ನಾಲ್ಕನೇ ನಗರ ತುರುಕಬೇಡಿ.

ಇನ್ನು ದೂರದ ಲೆಕ್ಕ. ಚಳಿಗಾಲದಲ್ಲಿ ಎಣಿಸಬೇಕಾದ್ದು ಕಿ.ಮೀ. ಅಲ್ಲ, ಹಗಲು. ಡಿಸೆಂಬರ್ 21ರ ಆಸುಪಾಸು ಉತ್ತರ ಅಕ್ಷಾಂಶ 40 ಡಿಗ್ರಿಯಲ್ಲಿ ಬೆಳಕು ಸುಮಾರು 9 ಗಂಟೆ 20 ನಿಮಿಷ; 48ರಲ್ಲಿ ಎಂಟು ಗಂಟೆ ಚಿಲ್ಲರೆ; 60ರಲ್ಲಿ ಆರು ಗಂಟೇನೂ ಇಲ್ಲ. 48 ಅಂತಲೇ ಇಟ್ಟುಕೊಳ್ಳಿ. ಮ್ಯಾಪಿನ ಎರಡೂಕಾಲು ಗಂಟೆಗೆ ಗಾಜಿನ ಐಸು ಕೆರೆಯೋದು, ನಿಧಾನದ ಓಟ, ಮಗುವಿಗೆ ಒಂದು ನಿಲುಗಡೆ ಸೇರಿಸಿದರೆ ಮೂರು. ಹೋಗಿ ಬರೋಕೆ ಆರು. ಪೂರ್ತಿ ಬೆಳಕಲ್ಲೇ ಓಡಿಸ್ತೀನಿ ಅಂದ್ರೆ ಊರು ನೋಡೋಕೆ ಉಳಿಯೋದು ಎರಡು ಗಂಟೆ. ಬಯಲು ಹೆದ್ದಾರಿ ಕತ್ತಲಲ್ಲಿ ಓಡಿಸಬಹುದು, ಘಾಟಿ ಬೇಡ: ಹಗಲು ಕರಗಿದ ಹಿಮ ಸಂಜೆ ತಿರುವುಗಳಲ್ಲಿ ಮತ್ತೆ ಗಟ್ಟಿಯಾಗುತ್ತೆ, ಹೆಡ್‌ಲೈಟಿಗೆ ಅದು ಬರೀ ಒದ್ದೆ ರಸ್ತೆ ಥರ ಕಾಣುತ್ತೆ. ನನ್ನ ಕೇಳಿದರೆ 190ರ ನಗರದಲ್ಲಿ ಒಂದು ರಾತ್ರಿ ಉಳೀರಿ. ಇಲ್ಲಾ, ರೈಲಿದ್ದರೆ ರೈಲಲ್ಲಿ ಹೋಗಿ.

ಡಿಸೆಂಬರ್ ಕೊನೇ ವಾರ ಅಂದಿರಿ. ಯುರೋಪಾದರೆ 24ರ ಮಧ್ಯಾಹ್ನದಿಂದ ಬಾಗಿಲುಗಳು ಮುಚ್ಚಿಕೊಳ್ತವೆ, 25ಕ್ಕೆ ಹೆಚ್ಚುಕಮ್ಮಿ ಎಲ್ಲ ಬಂದ್, ಹಲವು ದೇಶಗಳಲ್ಲಿ 26ಕ್ಕೂ. ಬಹಳಷ್ಟು ಮ್ಯೂಸಿಯಂಗಳಿಗೆ ಸೋಮವಾರ ರಜೆ. ಕ್ರಿಸ್ಮಸ್ ಸಂತೆ ನೋಡೋ ಆಸೆಯಿದ್ದರೆ, ಎಷ್ಟೋ ಕಡೆ ಅದು 23-24ಕ್ಕೇ ಮುಗಿದಿರುತ್ತೆ.

ಪಾನಾ ನಂ. 13:
ಕಾರಿನ ಕೀ ತಗೊಳ್ಳೋ ಮೊದಲು ಟೈರಿನ ಪಕ್ಕೆ ನೋಡಿ. ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರೋ ಗುರುತು ಬೇಕು. ಬರೀ 'ಎಂ+ಎಸ್' (ಕೆಸರು-ಹಿಮ ಅನ್ನೋದರ ಇಂಗ್ಲಿಷ್ ಮೊದಲಕ್ಷರ) ಇದ್ದರೆ ಸಾಲದು. ಅದು ಕಂಪನಿಯೇ ಹಾಕಿಕೊಳ್ಳೋ ಅಕ್ಷರ, ಹಿಮದ ಮೇಲೆ ಪರೀಕ್ಷೆ ಪಾಸಾದ ಗುರುತಲ್ಲ. ಜರ್ಮನಿಯಲ್ಲಿ 2024ರ ಅಕ್ಟೋಬರ್‌ನಿಂದ ಹಿಮದ ರಸ್ತೆಗೆ ಅದು ನಡೆಯೋದಿಲ್ಲ. ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ರಸ್ತೆ ಮೇಲೆ ಹಿಮವೋ ಐಸೋ ಇದ್ದರೆ ಚಳಿಗಾಲದ ಟೈರ್ ಕಡ್ಡಾಯ, ಅದರ ಮೇಲಿನ ಗೀರುಗಳ ಆಳ ಕನಿಷ್ಠ 4 ಮಿ.ಮೀ. ಇರಬೇಕು.

ಘಾಟಿಗೆ ಹಿಮದ ಚೈನು ಕೇಳಿ ತಗೊಳ್ಳಿ. ಡಬ್ಬಿ ಮೇಲಿನ ಅಳತೆ ಟೈರಿನ ಅಳತೆಗೆ (205/55 ಆರ್16 ಅಂತೇನೋ ಬರೆದಿರುತ್ತೆ) ತಾಳೆಯಾಗಬೇಕು. ಹಾಕೋದು ಎಂಜಿನ್ ತಿರುಗಿಸೋ ಚಕ್ರಗಳಿಗೆ. ಬಹುಪಾಲು ಸಣ್ಣ ಕಾರುಗಳಲ್ಲಿ ಅದು ಮುಂದಿನ ಜೋಡಿ. ಹಾಕಿದ ಮೇಲೆ ಸ್ವಲ್ಪ ದೂರ ಓಡಿಸಿ, ನಿಲ್ಲಿಸಿ, ಮತ್ತೊಮ್ಮೆ ಬಿಗಿ ಮಾಡಿ. ಸಡಿಲ ಬಿಟ್ಟರೆ ಚೈನಿನ ತುದಿ ಬ್ರೇಕ್ ಪೈಪಿಗೆ ಬಡಿಯುತ್ತೆ. ಗಂಟೆಗೆ 50 ಕಿ.ಮೀ. ದಾಟಬೇಡಿ, ಬರೀ ಟಾರು ಬಂದ ಕೂಡಲೇ ಬಿಚ್ಚಿ. ಕಾರು ಸಿಕ್ಕ ದಿನವೇ ಒಣ ಪಾರ್ಕಿಂಗ್‌ನಲ್ಲಿ ಒಮ್ಮೆ ಹಾಕಿ ಬಿಚ್ಚಿ ನೋಡಿ. ಗ್ಲೌಸ್ ಹಾಕ್ಕೊಂಡು ಕತ್ತಲಲ್ಲಿ ಮೊದಲ ಸಲ ಕಲಿಯೋ ಕೆಲಸ ಅಲ್ಲ ಅದು.

ಟೈರ್ ಗಾಳಿ ಪ್ರತಿ 5-6 ಡಿಗ್ರಿಗೆ ಸುಮಾರು 1 ಪಿಎಸ್ಐ (ಗಾಳಿ ಒತ್ತಡದ ಅಳತೆ) ಇಳಿಯುತ್ತೆ. 20 ಡಿಗ್ರಿಯ ನೆಲಮಾಳಿಗೇಲಿ 33 ಇದ್ದದ್ದು ಹೊರಗಿನ ಮೈನಸ್ 10ರಲ್ಲಿ 28ಕ್ಕೆ ಬಂದು ಟೈರ್ ಗಾಳಿಯ ಎಚ್ಚರಿಕೆ ಲೈಟ್ ಹತ್ತಬಹುದು. ಪಂಕ್ಚರ್ ಅಂತ ಗಾಬರಿ ಬೇಡ, ಆದರೆ ಗಾಳಿ ಹಾಕಿಸಿ.

ವೈಪರ್ ನೀರು ಚಳಿಗಾಲದ್ದೇ ಇದೆಯಾ ಕೇಳಿ. ಬರೀ ನೀರಾದರೆ ನಳಿಕೆಯಲ್ಲೇ ಹೆಪ್ಪುಗಟ್ಟುತ್ತೆ, ಮುಂದಿನ ಲಾರಿ ಎರಚಿದ ಉಪ್ಪು-ಕೆಸರು ಗಾಜಿನ ಮೇಲೆ ಉಳಿದು ರಸ್ತೆಯೇ ಕಾಣಲ್ಲ. ಗಾಜಿನ ಐಸಿಗೆ ಬಿಸಿನೀರು ಸುರಿಯಲೇಬೇಡಿ, ಬಿರುಕು ಬಿಡುತ್ತೆ. ಒಳಗೆ ಮಸುಕಾದರೆ ಬಿಸಿಗಾಳಿ ಜೊತೆಗೇ ಎಸಿ ಹಾಕಿ, ಒಳಗಿನ ಗಾಳಿಯನ್ನೇ ಸುತ್ತಿಸೋ ಬಟನ್ ಆಫ್ ಮಾಡಿ. ಎಸಿ ತೇವ ಹೀರುತ್ತೆ. ಸೇತುವೆ ಹತ್ತುವಾಗ ಆಕ್ಸಿಲರೇಟರಿಂದ ಕಾಲು ತೆಗೀರಿ, ಕೆಳಗೂ ಗಾಳಿ ಆಡೋದ್ರಿಂದ ಅದೇ ಮೊದಲು ಹೆಪ್ಪುಗಟ್ಟೋದು.

ಅಮ್ಮನ ಸೀಟು:
ಮಗುವಿಗೆ ಉಬ್ಬಿದ ಜಾಕೆಟ್ ಹಾಕಿ ಸೀಟಲ್ಲಿ ಕಟ್ಟಬೇಡಿ. ಪಟ್ಟಿ ಬಿಗಿಯಾದ ಹಾಗೆ ಅನಿಸುತ್ತೆ, ಡಿಕ್ಕಿಯಾದಾಗ ಜಾಕೆಟ್ಟಿನ ಗಾಳಿ ಹೋಗಿ ಸಡಿಲವಾಗುತ್ತೆ. ತೆಳು ಉಣ್ಣೆ ಹಾಕಿ, ಪಟ್ಟಿ ಬಿಗಿದು, ಜಾಕೆಟ್ಟನ್ನ ಮೇಲೆ ಹೊದೆಸಿ.

ದಾರಿಬುತ್ತಿ:
ಎಲ್ಲರಿಗೂ ಥ್ಯಾಂಕ್ಸ್. 190ರ ನಗರಕ್ಕೆ ಒಂದು ರಾತ್ರಿ ಉಳಿಯೋದು ಅಂತಾಯ್ತು. ಅದೇ ಬಾಡಿಗೆಗೆ ಎಲೆಕ್ಟ್ರಿಕ್ ಕಾರೂ ಇದೆ ಅಂತಿದಾರೆ, ತಗೋಬಹುದಾ?

ಪಾನಾ ನಂ. 13:
ತಂಗೋ ಜಾಗದಲ್ಲೇ ಚಾರ್ಜಿಂಗ್ ಇದ್ದರೆ ತಗೊಳ್ಳಿ, ಇಲ್ಲದಿದ್ದರೆ ಬೇಡ. ಒಂದು ಚಾರ್ಜಿಗೆ ಕಂಪನಿ ಹೇಳೋ ದೂರದಲ್ಲಿ ಶೇ. 30 ಕಳೆದು ಲೆಕ್ಕ ಹಾಕಿ, ಘಾಟಿ ದಿನ ಶೇ. 40. ಬ್ಯಾಟರಿ ತಣ್ಣಗಾದ ಮೇಲೆ ಫಾಸ್ಟ್ ಚಾರ್ಜರ್ ಕೂಡ ನಿಧಾನ, ಅದಕ್ಕೇ ರಾತ್ರಿ ವಾಪಸ್ ಬಂದ ತಕ್ಷಣ ಪ್ಲಗ್ ಹಾಕಬೇಕು, ಬೆಳಿಗ್ಗೆಗೆ ಬಿಡಬಾರದು. ಹೊರಡೋ ಅರ್ಧ ಗಂಟೆ ಮುಂಚೆ, ಪ್ಲಗ್ ಇದ್ದ ಹಾಗೇ ಒಳಗೆ ಬಿಸಿ ಮಾಡಿಕೊಂಡರೆ ಆ ಕರೆಂಟ್ ಬ್ಯಾಟರಿಯಿಂದ ಹೋಗಲ್ಲ.

ಹಗಲುಗಾವಲು:
ಮೂರರಲ್ಲಿ ಯಾವುದಾದರೂ ನಗರ ಗಡಿಯಾಚೆ ಇದ್ದರೆ ಬಾಡಿಗೆ ಕರಾರಿನಲ್ಲಿ ಆ ದೇಶದ ಹೆಸರು ಬರೆಸಿಕೊಳ್ಳಿ, ಇಲ್ಲದಿದ್ದರೆ ವಿಮೆ ಸಿಗದೇ ಹೋಗಬಹುದು. ಹೆದ್ದಾರಿ ಸುಂಕದ ಸ್ಟಿಕ್ಕರ್ ಅಥವಾ ಡಿಜಿಟಲ್ ಪಾಸ್ ಕೂಡ ನೋಡ್ಕೊಳ್ಳಿ: ಆಸ್ಟ್ರಿಯಾದಲ್ಲಿ ಒಂದು ದಿನದ್ದೂ ಸಿಗುತ್ತೆ, ಸ್ವಿಟ್ಜರ್ಲೆಂಡಿನಲ್ಲಿ ವರ್ಷದ್ದು ಮಾತ್ರ.